"ಹುಷಾರು" ಅಂದವರು ಯಾರು? ಒಂದು ಪ್ರಕರಣ

ಮೆಸೇಜಿನಲ್ಲಿ ಇದ್ದದ್ದು ಮೂರೇ ಮಾತು. ಮೊದಲು ಅವಳ ನಿಜವಾದ ಹೆಸರು. ಆಮೇಲೆ, "ಈಗ ಹೇಗಿದ್ದೀರಿ?" ಕೊನೆಗೆ, "ಹುಷಾರು."

ಆರು ವರ್ಷದಿಂದ ಆ ಆನ್‌ಲೈನ್ ಸಮುದಾಯದಲ್ಲಿದ್ದ ನನ್ನ ಗೆಳತಿ ಅಲ್ಲಿ ಒಮ್ಮೆಯೂ ತನ್ನ ಹೆಸರು ಹೇಳಿರಲಿಲ್ಲ. ಮುಖದ ಫೋಟೋ ಹಾಕಿರಲಿಲ್ಲ. ಊರು, ಕಂಪನಿ, ಕೆಲಸ ಯಾವುದನ್ನೂ ಬಾಯಿ ಬಿಟ್ಟಿರಲಿಲ್ಲ. ಕಳುಹಿಸಿದವರ ಖಾತೆ ತೆರೆದು ನೋಡಿದಳು. ಚಿತ್ರವಿಲ್ಲ, ಒಂದು ಪೋಸ್ಟೂ ಇಲ್ಲ. ಹತ್ತು ನಿಮಿಷದಲ್ಲಿ ತನ್ನ ಖಾತೆಯನ್ನೇ ಅಳಿಸಿ ಹಾಕಿದಳು.

ಮುಂದೆ ಹೋಗುವ ಮುಂಚೆ ಒಂದು ಮಾತು. ಇದನ್ನು ಬರೆಯಲು ಅವಳು ಒಪ್ಪಿದ್ದಾಳೆ, ಆದರೆ ಕರಡು ಓದಿ ಹಲವು ವಿವರ ಬದಲಿಸಿದಳು. ಅದರಲ್ಲಿ ಎರಡು, ನಾನು "ಇದರಲ್ಲೇನಿದೆ" ಅಂದುಕೊಂಡಿದ್ದವು. "ನೀನು ಬರೆಯೋದೂ ಒಂದು ಪೋಸ್ಟೇ ಅಲ್ವಾ?" ಅಂದಳು. ಹಾಗಾಗಿ ಮುಂದೆ ಬರುವ ಮೈಕಿನ ಕ್ಲಿಪ್ ನಿಜದಲ್ಲಿ ಮೈಕಿನ ಕ್ಲಿಪ್ ಅಲ್ಲ. "ಹುಷಾರು" ಮಾತ್ರ ನಿಜ. ಅದನ್ನು ಇಟ್ಟುಕೊಳ್ಳಲು, ಆ ಪದ ಬರೆದವರನ್ನೂ ಕೇಳಿದ್ದೇವೆ.

ಹಿನ್ನೆಲೆ

ಅವಳಿಗೆ ಮೂರ್ಛೆರೋಗ. ಕೈಕಾಲು ಸೆಟೆದು ಬೀಳುವ ಬಗೆಯದಲ್ಲ. ಮಾತಾಡುತ್ತಿದ್ದವಳು ಒಂದು ನಿಮಿಷ ನಿಂತುಬಿಡುತ್ತಾಳೆ. ಕಣ್ಣು ತೆರೆದೇ ಇರುತ್ತದೆ. ಕೈ ಮಾತ್ರ ಏನನ್ನೋ ತಡಕುತ್ತಾ, ತಿರುವುತ್ತಾ ಇರುತ್ತದೆ. ಆಮೇಲೆ ಆ ನಿಮಿಷದ ನೆನಪೇ ಅವಳಿಗೆ ಇರುವುದಿಲ್ಲ. ನೋಡಿದವರಿಗೆ ಏನೋ ಯೋಚನೆಯಲ್ಲಿದ್ದಾಳೆ ಅನ್ನಿಸುತ್ತದೆ, ಅಷ್ಟೇ. ಫಿಟ್ಸ್ ಅಂದರೆ ಹೀಗೂ ಇರುತ್ತದೆ ಅಂತ ಬಹಳ ಜನರಿಗೆ ಗೊತ್ತಿಲ್ಲ. ಹಾಗಾಗಿ ಮುಚ್ಚಿಡುವುದು ಸುಲಭವಾಗಿತ್ತು. ಕೆಲಸದ ಜಾಗದಲ್ಲಿ ಯಾರಿಗೂ ಹೇಳಿರಲಿಲ್ಲ.

ಆ ಸಮುದಾಯದಲ್ಲಿ ಇದ್ದವರೆಲ್ಲ ಇದೇ ರೋಗದವರು, ಇಲ್ಲವೇ ಅವರ ಮನೆಯವರು. ಅವಳಿಗೆ ಅಲ್ಲಿಂದ ಸಿಕ್ಕ ಲಾಭ ಸಣ್ಣದಲ್ಲ. ಫಿಟ್ಸ್ ತಡೆಯುವ ಲೆವೆಟಿರಾಸೆಟಮ್ ಮಾತ್ರೆ ಶುರುವಾದ ಮೇಲೆ ಮನೆಯಲ್ಲಿ ಎಲ್ಲರ ಮೇಲೂ ರೇಗುತ್ತಿದ್ದಳು. ತನ್ನ ಸ್ವಭಾವವೇ ಕೆಟ್ಟಿತು ಅಂದುಕೊಂಡಿದ್ದಳು. ಅದನ್ನು ಬರೆದಾಗ ನಾಲ್ಕು ಜನ, "ನನಗೂ ಹಾಗೇ ಆಗಿತ್ತು, ಡಾಕ್ಟರಿಗೆ ಹೇಳಿ" ಅಂದರು. ಆ ಮಾತ್ರೆಯಿಂದ ಸಿಟ್ಟು, ಕಿರಿಕಿರಿ ಬರುವುದು ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಹೇಳಿದಳು, ಮಾತ್ರೆ ಬದಲಾಯಿತು, ಮನೆ ಮತ್ತೆ ಮನೆಯಾಯಿತು. "ಗುಟ್ಟು ಮುಖ್ಯ ಅಂದಮೇಲೆ ಅಲ್ಲಿಗೆ ಹೋಗೋದೇ ಯಾಕೆ?" ಅಂತ ಕೇಳುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಪಾಯ ತೂಗುವಾಗ ತಕ್ಕಡಿಯ ಇನ್ನೊಂದು ತಟ್ಟೆ ಖಾಲಿ ಇರಲಿಲ್ಲ.

ಮೊದಲ ತಪ್ಪು ಅವಳದು

ಖಾತೆ ಅಳಿಸಿದರೆ ಎಲ್ಲ ಹೋಗುತ್ತದೆ ಅಂತ ಅವಳು ನಂಬಿದ್ದಳು. ಹೋದದ್ದು ಹೆಸರು ಮಾತ್ರ. ಅವಳ ಪೋಸ್ಟುಗಳೆಲ್ಲ "ಅಳಿಸಿದ ಸದಸ್ಯ" ಅನ್ನುವ ಹಣೆಪಟ್ಟಿ ಹೊತ್ತು ಅಲ್ಲೇ ಉಳಿದವು. ಬೇರೆಯವರು ಉತ್ತರಿಸುವಾಗ ಅವಳ ಮಾತುಗಳನ್ನು ಎತ್ತಿ ಹಾಕಿದ್ದರಲ್ಲ, ಅಲ್ಲಂತೂ ಅವಳ ಹಳೇ ಯೂಸರ್‌ನೇಮ್ ಕೂಡ ಹಾಗೇ ಇತ್ತು. ಬಹಳಷ್ಟು ಸಮುದಾಯಗಳು ಹೀಗೇ ಮಾಡುತ್ತವೆ. ಒಬ್ಬರ ಪೋಸ್ಟು ಪೂರ್ತಿ ತೆಗೆದರೆ ಉಳಿದವರ ಮಾತಿಗೆ ತಲೆ ಬುಡ ಇರುವುದಿಲ್ಲ ಅಂತ.

ಅದಕ್ಕಿಂತ ದೊಡ್ಡ ನಷ್ಟ ಬೇರೆ ಇತ್ತು. ಖಾತೆ ಇದ್ದಿದ್ದರೆ ತನ್ನ ಪೋಸ್ಟುಗಳನ್ನು ತಾನೇ ತಿದ್ದಬಹುದಿತ್ತು, ಈಗ ಆ ಬೀಗದ ಕೈಯನ್ನೇ ಬಾವಿಗೆ ಎಸೆದಂತಾಯಿತು. ಆ ಮೆಸೇಜೂ ಹೋಯಿತು. ಸ್ಕ್ರೀನ್‌ಶಾಟ್ ತೆಗೆದಿರಲಿಲ್ಲ. ಕಳುಹಿಸಿದವರ ಯೂಸರ್‌ನೇಮ್ ಕೇಳಿದರೆ, ಗಾಬರಿಯಲ್ಲಿ ಅದೂ ಸರಿಯಾಗಿ ನೆನಪಿಲ್ಲ. "ಕೊನೆಯಲ್ಲಿ ಎರಡು ಅಂಕಿ ಇತ್ತು" ಅಂದಳು.

ಮರುದಿನ ನನ್ನ ಹತ್ತಿರ ಬಂದಳು. ಕಂಪ್ಯೂಟರ್ ಸುರಕ್ಷತೆಯ ಕೆಲಸ ಮಾಡುವವನು ಅಂತ.

ಎರಡನೇ ತಪ್ಪು ನನ್ನದು

ಇದನ್ನು ಸ್ವಲ್ಪ ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಸುತ್ತಿಗೆ ಹಿಡಿದವನಿಗೆ ಕಂಡದ್ದೆಲ್ಲ ಮೊಳೆ. ನಾನು ಎರಡು ಸಂಜೆ ಕೂತು, ಯಾರೋ ಅಪರಿಚಿತ ಅವಳನ್ನು ಹೇಗೆ ಹುಡುಕಿರಬಹುದು ಅಂತ ಜಾಡು ಹಿಡಿದೆ. ಅವಳ ಬಗ್ಗೆ ಏನೂ ಗೊತ್ತಿಲ್ಲ ಅಂದುಕೊಂಡು, ಯೂಸರ್‌ನೇಮ್ ಒಂದರಿಂದಲೇ ಶುರು ಮಾಡಿದೆ.

ಮೊದಲ ಅರ್ಧ ಗಂಟೆಯಲ್ಲೇ ಒಂದು ದಾರಿ ಸಿಕ್ಕಿತು. ಅದೇ ಯೂಸರ್‌ನೇಮನ್ನು ಅವಳು ವರ್ಷಗಳ ಹಿಂದೆ ಹಳೇ ವಸ್ತು ಮಾರುವ ಒಂದು ತಾಣದಲ್ಲಿ ಬಳಸಿದ್ದಳು. ಅಲ್ಲಿ ಮೊದಲ ಹೆಸರು ಇತ್ತು. ತಾನು ಅಲ್ಲಿ ಒಂದು ಕುರ್ಚಿ ಮಾರಿದ್ದೇ ಅವಳಿಗೆ ಮರೆತುಹೋಗಿತ್ತು.

ಎರಡನೆಯದು ಮಾತ್ರೆ ಡಬ್ಬಿಯ ಫೋಟೋ. ಕಿಟಕಿಯ ಕಟ್ಟೆಯ ಮೇಲೆ ಇಟ್ಟು ತೆಗೆದದ್ದು, ಹಿಂದೆ ಎರಡು ಕಟ್ಟಡ, ಒಂದು ನೀರಿನ ಟ್ಯಾಂಕು. ಮೊಬೈಲಿನಲ್ಲಿ ತೆಗೆದ ಫೋಟೋದ ಒಳಗೆ ದಿನಾಂಕ, ಸಮಯ, ಲೊಕೇಶನ್ ಆನ್ ಇದ್ದರೆ ತೆಗೆದ ಜಾಗ ಕೂಡ ಅಡಗಿರುತ್ತದೆ. ಎಕ್ಸಿಫ್ ಅಂತಾರೆ ಅದಕ್ಕೆ. ಈ ಸಮುದಾಯದಲ್ಲಿ ಫೋಟೋ ಹಾಕುವಾಗಲೇ ಅದನ್ನು ತೆಗೆದುಬಿಡುತ್ತಿದ್ದರು, ನೋಡಿದೆ. ಆದರೆ ಕಿಟಕಿಯಾಚೆ ಕಾಣುವುದನ್ನು ಯಾರು ತೆಗೆಯುತ್ತಾರೆ?

ಮೂರನೆಯದು, ಹುಟ್ಟುಹಬ್ಬ. ಪ್ರತಿವರ್ಷ ಅದೇ ದಿನ ಎಲ್ಲರೂ ಶುಭಾಶಯ ಹೇಳಿದ್ದರು, ಒಂದು ವರ್ಷ ಅವಳು ವಯಸ್ಸನ್ನೂ ಹೇಳಿಕೊಂಡಿದ್ದಳು. ಇದನ್ನು ನೋಡಿದಾಗ ನನಗೆ ನೆನಪಾದದ್ದು ಲಟಾನ್ಯಾ ಸ್ವೀನಿ. 1990ರ ದಶಕದಲ್ಲಿ ಈ ಸಂಶೋಧಕಿ, ಹೆಸರು ತೆಗೆದು ಕೊಟ್ಟಿದ್ದ ಆಸ್ಪತ್ರೆ ದಾಖಲೆಗಳನ್ನು ಮತದಾರರ ಪಟ್ಟಿಯ ಜತೆ ಹೊಂದಿಸಿ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಅವರ ದಾಖಲೆಯನ್ನೇ ಹೆಕ್ಕಿ ತೆಗೆದರು. 2000ದಲ್ಲಿ ಅವರು ಹಾಕಿದ ಲೆಕ್ಕದ ಪ್ರಕಾರ, ಹುಟ್ಟಿದ ದಿನಾಂಕ, ಗಂಡೋ ಹೆಣ್ಣೋ, ಮತ್ತು ಐದಂಕಿಯ ಅಂಚೆ ಸಂಖ್ಯೆ, ಈ ಮೂರೇ ಸಾಕು, ಆ ದೇಶದ ಶೇ. 87ರಷ್ಟು ಜನರನ್ನು ಉಳಿದವರಿಂದ ಬೇರೆ ಮಾಡಲು. ಅವಳು ಎರಡನ್ನು ಬರೆದೇ ಕೊಟ್ಟಿದ್ದಳು. ಮೂರನೆಯದಕ್ಕೆ ಕಿಟಕಿ ಇತ್ತು.

ನನಗೆ ಖಾತ್ರಿಯಾಯಿತು. "ಯಾರೋ ನಿನ್ನ ಹಿಂದೆ ಬಿದ್ದಿದ್ದಾರೆ, ಮೂರು ದಾರಿ ಇವೆ ನೋಡು" ಅಂತ ಒಂದು ಪಟ್ಟಿ ಕೊಟ್ಟೆ. ಆ ರಾತ್ರಿ ಅವಳು ನಿದ್ದೆ ಮಾಡಲಿಲ್ಲ. ನಿದ್ದೆಗೆಟ್ಟರೆ ಫಿಟ್ಸ್ ಬರುವ ಸಾಧ್ಯತೆ ಜಾಸ್ತಿ ಅನ್ನುವುದು ನನಗೆ ಗೊತ್ತಿತ್ತು, ಆದರೂ ಪಟ್ಟಿ ಕೊಟ್ಟೆ. ಬೆಳಗ್ಗೆ ಹಲ್ಲುಜ್ಜುವಾಗ ಒಂದು ನಿಮಿಷ ಎಲ್ಲೋ ಹೋಗಿ ಬಂದಳು.

ತಿರುವು

ಪಟ್ಟಿಯಲ್ಲಿದ್ದ ಮೂರೂ ದಾರಿ ನಿಜವೇ. ಆದರೆ ಆ ದಾರಿಯಲ್ಲಿ ಯಾರು ಬರುತ್ತಾರೆ ಅಂತ ನಾನು ಕೇಳಿರಲಿಲ್ಲ. ಆನ್‌ಲೈನ್ ಹಕ್ಕುಗಳಿಗಾಗಿ ದುಡಿಯುವ ಅಮೆರಿಕದ ಸಂಸ್ಥೆ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್, ಅಪಾಯ ತೂಗುವುದನ್ನು ಕಲಿಸುವಾಗ ಕೆಲವು ಸರಳ ಪ್ರಶ್ನೆಗಳಿಂದ ಶುರು ಮಾಡುತ್ತದೆ. ಏನನ್ನು ಕಾಪಾಡಬೇಕು? ಯಾರಿಂದ? ತಪ್ಪಿದರೆ ಎಷ್ಟು ಕೆಡುಕು? ಹಾಗಾಗುವ ಸಂಭವ ಎಷ್ಟು? ತಡೆಯಲು ಎಷ್ಟು ಕಷ್ಟಪಡಲು ತಯಾರಿದ್ದೀಯ? ಬೇರೆಯವರಿಗೆ ಇದನ್ನೇ ಹೇಳಿಕೊಡುವ ನಾನು ಎರಡನೇ ಪ್ರಶ್ನೆಯನ್ನು ಹಾರಿಸಿದ್ದೆ.

ಮೂರನೇ ಸಂಜೆ ಕಂಪ್ಯೂಟರ್ ಮುಚ್ಚಿ ಒಂದು ಹಾಳೆ ತೆಗೆದುಕೊಂಡೆವು. ಮೂರು ಕಾಲಂ. ಪೂರ್ತಿ ಅಪರಿಚಿತರು. ಕೆಲಸ ಕೊಟ್ಟವರು. ಈಗಾಗಲೇ ಅವಳನ್ನು ಬಲ್ಲವರು. ಅವಳ ನೆನಪಿಗೆ ಬಂದ ಒಂದೊಂದು ಪೋಸ್ಟನ್ನೂ ತೆಗೆದುಕೊಂಡು, ಇದನ್ನು ಓದಿದರೆ ಯಾರಿಗೆ ನಾನೇ ಅಂತ ಗೊತ್ತಾಗುತ್ತದೆ ಅಂತ ಕೇಳುತ್ತಾ ಹೋದಳು.

ಮೊದಲ ಕಾಲಂ ಮೂರು ಸಾಲಿಗೆ ನಿಂತಿತು. ಮೂರನೆಯದು ಹತ್ತು ನಿಮಿಷದಲ್ಲಿ ತುಂಬಿ ಹಿಂಬದಿಗೆ ಹೋಯಿತು. ಅಕ್ಕನ ಮದುವೆಯ ಹಿಂದಿನ ದಿನ ಮಾತ್ರೆ ಮರೆತದ್ದು. ಮನೆ ಬದಲಿಸಿದ ವಾರ. ಇವು ಅಪರಿಚಿತನಿಗೆ ಯಾವ ಕೆಲಸಕ್ಕೂ ಬಾರದವು. ಅವಳ ಪಕ್ಕದಲ್ಲಿ ಕೂತು ಕೆಲಸ ಮಾಡುವವರಿಗೆ ಒಂದೇ ಸಾಕು.

ಆಮೇಲೆ ಅವಳು ಪೆನ್ನು ಕೆಳಗಿಟ್ಟಳು. "ಮೈಕು" ಅಂದಳು.

ಕೆಲವು ವಾರಗಳ ಹಿಂದೆ ಕೆಲಸದ ಜಾಗದಲ್ಲಿ ಅವಳು ಸುಮಾರು 50 ಜನರ ಮುಂದೆ ಮಾತಾಡಿದ್ದಳು. ನಡುವೆ ಒಂದು ನಿಮಿಷ ಮಾತು ನಿಂತಿತ್ತು. ಎಲ್ಲರೂ ಭಯಕ್ಕೆ ಮರೆತುಹೋಗಿದೆ ಅಂದುಕೊಂಡರು. ಯಾರೋ ಚಪ್ಪಾಳೆ ತಟ್ಟಿ ಧೈರ್ಯ ಹೇಳಿದರು. ಆ ರಾತ್ರಿ ಅವಳು ಸಮುದಾಯದಲ್ಲಿ ಬರೆದದ್ದು ಹೀಗೆ: "ಇವತ್ತು ಎಲ್ಲರ ಮುಂದೆ ಆಯಿತು. ಕಾಲರಿಗೆ ಸಿಕ್ಕಿಸಿದ್ದ ಮೈಕಿನ ಕ್ಲಿಪ್ಪನ್ನು ತಿರುವುತ್ತಾ ನಿಂತಿದ್ದೆನಂತೆ. ಅದು ಮುರಿದು ಕೈಗೆ ಬಂದಾಗಲೇ ಎಚ್ಚರ." ಹೆಸರಿಲ್ಲ, ಊರಿಲ್ಲ, ಕಂಪನಿಯಿಲ್ಲ. ಅಪರಿಚಿತರ ಲೆಕ್ಕದಲ್ಲಿ ನೂರಕ್ಕೆ ನೂರು ಸುರಕ್ಷಿತ ಪೋಸ್ಟು. ಆದರೆ ಅದೇ ದಿನ ಒಂದು ಮೈಕಿನ ಕ್ಲಿಪ್ ಮುರಿದದ್ದನ್ನು ಕಣ್ಣಾರೆ ಕಂಡ 50 ಜನ ಇದ್ದರು.

2006ರಲ್ಲಿ ಅಮೆರಿಕದ ಎಒಎಲ್ ಅನ್ನುವ ಇಂಟರ್ನೆಟ್ ಕಂಪನಿ, ಸುಮಾರು 6.5 ಲಕ್ಷ ಬಳಕೆದಾರರು ಇಂಟರ್ನೆಟ್ಟಿನಲ್ಲಿ ಹುಡುಕಿದ ಪದಗಳನ್ನು, ಹೆಸರಿನ ಬದಲು ಸಂಖ್ಯೆ ಕೊಟ್ಟು, ಸಂಶೋಧಕರಿಗೆಂದು ಬಿಡುಗಡೆ ಮಾಡಿತ್ತು. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿಗಾರರು 4417749 ಅನ್ನುವ ಸಂಖ್ಯೆಯ ಹಿಂದಿದ್ದ ಹಿರಿಯ ಮಹಿಳೆಯನ್ನು ಪತ್ತೆ ಮಾಡಿದರು. ಅವರು ಹುಡುಕಿದ್ದ ಪದಗಳಲ್ಲಿದ್ದ ಊರು, ಬಂಧುಗಳ ಮನೆತನದ ಹೆಸರು, ಇಂಥವೇ ಸುಳಿವು. ಆ ವರದಿಗಾರರು ಅಪರಿಚಿತರು, ಚೂರುಗಳನ್ನು ಕೂಡಿಸಲು ಶ್ರಮಪಟ್ಟರು. ಪರಿಚಯದವರಿಗೆ ಆ ಶ್ರಮವೂ ಬೇಡ. ಅರ್ಧ ಕತೆ ಅವರ ಹತ್ತಿರ ಮೊದಲೇ ಇರುತ್ತದೆ, ಉಳಿದರ್ಧವನ್ನು ನಾವು ಬರೆದುಕೊಡುತ್ತೇವೆ.

ಏನು ಮಾಡಿದೆವು

50 ಜನರಲ್ಲಿ ಯಾರು ಅಂತ ಪತ್ತೆ ಮಾಡೋಣ ಅಂದಳು. ಬೇಡ ಅಂದೆ. ಆ ಹುಡುಕಾಟದಲ್ಲಿ ಕೇಳುವ ಒಂದೊಂದು ಪ್ರಶ್ನೆಯೂ ಇನ್ನೊಬ್ಬರಿಗೆ ಅನುಮಾನ ತರಿಸುತ್ತಿತ್ತು.

ಬದಲಿಗೆ ಸಮುದಾಯದ ಮೇಲ್ವಿಚಾರಕರಿಗೆ ಹೊಸ ಇಮೇಲಿನಿಂದ ಬರೆದಳು. ಹಳೇ ಖಾತೆ ಅವಳದೇ ಅಂತ ಸಾಬೀತು ಮಾಡಲು ಆ ಖಾತೆಯ ಇಮೇಲಿನಿಂದಲೂ ಒಂದು ಸಾಲು ಕಳುಹಿಸಿದಳು. ಮೆಸೇಜ್ ಕಳುಹಿಸಿದವರು ಯಾರು ಅಂತ ಅವರು ಹೇಳಲಿಲ್ಲ. ನಮಗೆ ಸಿಟ್ಟು ಬಂತು. ಆಮೇಲೆ ಯೋಚಿಸಿದರೆ, ನಾಳೆ ಇನ್ನಾರೋ ಅವಳ ಬಗ್ಗೆ ಕೇಳಿದಾಗಲೂ ಅವರು ಹೀಗೇ ಬಾಯಿ ಮುಚ್ಚಿಕೊಂಡಿರುತ್ತಾರೆ. ಒಂದು ಸಾಲು ತಲುಪಿಸಲು ಮಾತ್ರ ಒಪ್ಪಿದರು. "ನೀವು ಯಾರು ಅಂತ ಹೇಳಬೇಕಿಲ್ಲ. ಯಾಕೆ ಬರೆದಿರಿ, ಅಷ್ಟು ಹೇಳಿ."

ಎರಡು ದಿನಕ್ಕೆ ಉತ್ತರ ಬಂತು, ಉದ್ದದ್ದು. ಬೇರೆ ವಿಭಾಗದ ಸಹೋದ್ಯೋಗಿ. ಅವರ ತಂಗಿಗೂ ಇದೇ ರೋಗ. ವರ್ಷಗಳಿಂದ ಆ ಸಮುದಾಯದಲ್ಲಿ ಬರೀ ಓದುತ್ತಿದ್ದರು, ಒಂದು ದಿನವೂ ಬರೆದವರಲ್ಲ. ಆ ದಿನ ಹಾಲಿನಲ್ಲಿ ನೋಡಿದಾಗಲೇ ಇದು ಮರೆವಲ್ಲ ಅಂತ ಅವರಿಗೆ ಗೊತ್ತಾಗಿತ್ತು, ತಂಗಿಯ ಕೈಯೂ ಹಾಗೇ ತಡಕುತ್ತದೆ. ರಾತ್ರಿ ಪೋಸ್ಟು ಓದಿದರು. ಹೇಳಬೇಕೋ ಬೇಡವೋ ಅಂತ ವಾರಗಟ್ಟಲೆ ಯೋಚಿಸಿ, ಹೆಸರು ಹಿಡಿದು ಕರೆದರೆ ಪರಿಚಯದವರು ಅಂತ ಸಮಾಧಾನವಾದೀತು ಅಂದುಕೊಂಡು ಬರೆದರು. "ಹುಷಾರು ಅಂದದ್ದು ಹುಷಾರಾಗಿರಿ ಅಂತ. ಬೇರೇನಿಲ್ಲ. ನಿಮ್ಮ ಖಾತೆ ಮಾಯವಾದಾಗ ನಾನೂ ಹೆದರಿದೆ, ನನ್ನ ಮೇಲೆ ದೂರು ಕೊಟ್ಟಿರಿ ಅಂತ."

ಒಂದೇ ಪದ. ಮನೆಯಿಂದ ಹೊರಡುವಾಗ ಅಮ್ಮ ಹೇಳುವುದೂ ಅದೇ, ಜಗಳದಲ್ಲಿ ಬೆರಳು ತೋರಿಸಿ ಹೇಳುವುದೂ ಅದೇ.

ಇಲ್ಲಿಗೆ ಕತೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಇವರಿಗೆ ಗೊತ್ತಾದದ್ದು ಇನ್ನೊಬ್ಬರಿಗೂ ಗೊತ್ತಾಗಬಹುದು, ಇನ್ನೊಬ್ಬರು ಇವರಷ್ಟು ಒಳ್ಳೆಯವರು ಆಗಿರಬೇಕಿಲ್ಲ. ಹಾಳೆಯ ನಡುವಿನ ಕಾಲಂ, ಕೆಲಸ ಕೊಟ್ಟವರದು, ಹಾಗೇ ಇತ್ತು.

ಆಗ ಅವಳು ನಾನು ಎಣಿಸದ ಒಂದು ನಿರ್ಧಾರ ಮಾಡಿದಳು. ಗುಟ್ಟು ಸೋರದಂತೆ ತಡೆಯುವುದನ್ನೇ ನಾನು ಹೇಳುತ್ತಿದ್ದೆ. ಅವಳು ಗುಟ್ಟಿನ ಬೆಲೆಯನ್ನೇ ಇಳಿಸಿದಳು. ತನ್ನ ಮೇಲಿನವರಿಗೆ ತಾನೇ ಹೋಗಿ ಹೇಳಿದಳು, ಪಕ್ಕದಲ್ಲಿ ಕೂರುವ ಒಬ್ಬರಿಗೆ ಏನು ಮಾಡಬೇಕು ಅಂತಲೂ ಕಲಿಸಿದಳು. ಹೆದರಬೇಡಿ, ಅಲುಗಾಡಿಸಬೇಡಿ, ಹಿಡಿದು ಕಟ್ಟಬೇಡಿ, ಗಡಿಯಾರ ನೋಡಿ, 5 ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಿರಿ. ಗಾಬರಿಯಲ್ಲಿ ಅಲ್ಲದೆ ತಾನು ಆರಿಸಿದ ಹೊತ್ತಿನಲ್ಲಿ, ತನ್ನ ಮಾತಿನಲ್ಲಿ ಹೇಳಿದ್ದರಿಂದ ಅವಳಿಗೆ ಹಗುರಾಯಿತು.

ಪೂರ್ತಿ ಹಗುರಾಗಲಿಲ್ಲ. ಮುಂದಿನ ಎರಡು ತಿಂಗಳು ಅವಳನ್ನು ಯಾರೂ ಜನರ ಮುಂದೆ ಮಾತಾಡಲು ಕರೆಯಲಿಲ್ಲ. ಕಾಳಜಿಯೋ, ಅನುಮಾನವೋ, ಸುಮ್ನೆ ಕಾಕತಾಳೀಯವೋ ಗೊತ್ತಿಲ್ಲ. ಎಲ್ಲರೂ ಹೀಗೆ ಹೇಳಿಕೊಳ್ಳಿ ಅಂತ ನಾನಂತೂ ಸಲಹೆ ಕೊಡಲಾರೆ. ಕೆಲಸ ಹೋಗುವ ಭಯ ಇರುವವರ ಲೆಕ್ಕ ಬೇರೆಯೇ.

ಹಳೇ ಪೋಸ್ಟುಗಳಲ್ಲಿ ತೀರಾ ಗುರುತು ಹತ್ತುವಂಥ ಮೂರನ್ನು ಮೇಲ್ವಿಚಾರಕರು ತೆಗೆದರು. ಮೈಕಿನ ಸಾಲನ್ನು ಇಬ್ಬರು ತಮ್ಮ ಉತ್ತರಗಳಲ್ಲಿ ಎತ್ತಿ ಹಾಕಿದ್ದರು. ಒಬ್ಬರು ಕೇಳಿದ ಕೂಡಲೇ ಅಳಿಸಿದರು. ಇನ್ನೊಬ್ಬರು ಆ ಕಡೆ ತಲೆ ಹಾಕಿ ಬಹಳ ದಿನವಾಗಿತ್ತು. ಆ ಸಾಲು ಇವತ್ತಿಗೂ ಅಲ್ಲೇ ಇದೆ.

ಹೊಸ ಖಾತೆ, ಹಳೇ ಕೈ

ಒಂದು ತಿಂಗಳ ನಂತರ ಮತ್ತೆ ಸೇರಿದಳು. ಈ ಸಲ ಯಾವತ್ತೂ ಎಲ್ಲೂ ಬಳಸದ ಯೂಸರ್‌ನೇಮ್, ಅದಕ್ಕೆಂದೇ ಒಂದು ಇಮೇಲ್. ಫೋಟೋ ಇಲ್ಲ, ಹುಟ್ಟುಹಬ್ಬ ಇಲ್ಲ. ಏನಾದರೂ ನಡೆದರೆ ಅವತ್ತೇ ಬರೆಯುವುದಿಲ್ಲ, ಮೂರು ವಾರವಾದರೂ ಕಾಯುತ್ತಾಳೆ. ನನಗೆ ಇದೇ ಎಲ್ಲಕ್ಕಿಂತ ಕೆಲಸಕ್ಕೆ ಬರುವ ನಿಯಮ ಅನ್ನಿಸುತ್ತದೆ. ಅದೇ ರಾತ್ರಿ ಬರೆಯದಿದ್ದರೆ ಓದಿದವರು ಆ ದಿನಕ್ಕೆ ಗಂಟು ಹಾಕುವುದು ಕಷ್ಟ.

ವಿವರ ಬದಲಿಸುವ ವಿಷಯದಲ್ಲಿ ನಮಗೆ ಸ್ವಲ್ಪ ವಾದವಾಯಿತು. ಎಲ್ಲವನ್ನೂ ಕಲಸಿಬಿಡು ಅಂದೆ. ಅವಳು ಒಪ್ಪಲಿಲ್ಲ. ಜಾಗ, ಸುತ್ತ ಇದ್ದ ಜನ, ಕೈಯಲ್ಲಿದ್ದ ವಸ್ತು, ಇವನ್ನು ಬದಲಿಸಬಹುದು. ಮಾತ್ರೆಯ ಹೆಸರು, ಎಷ್ಟು ದಿನಕ್ಕೆ ಏನಾಯಿತು, ಎಷ್ಟು ನಿಮಿಷ, ಇವನ್ನು ಬದಲಿಸಬಾರದು. ಅದನ್ನು ನಂಬಿ ಇನ್ನೊಬ್ಬರು ಡಾಕ್ಟರ ಹತ್ತಿರ ಹೋಗುತ್ತಾರೆ. ಅವಳು ಹೇಳಿದ್ದೇ ಸರಿ.

ಇಷ್ಟೆಲ್ಲ ಮಾಡಿಯೂ ಮೂರನೇ ವಾರಕ್ಕೆ ಹಳೇ ಸದಸ್ಯೆಯೊಬ್ಬರಿಂದ ಖಾಸಗಿ ಮೆಸೇಜ್. "ನೀನೇ ಅಲ್ವಾ?"

ಹೇಗೆ ಗೊತ್ತಾಯಿತು ಅಂತ ಕೇಳಿದರೆ, "ಅದಿರಲಿ" ಅಂದರಂತೆ. ನನ್ನ ಗೆಳತಿ ಎರಡನೇ ಪ್ಯಾರಾವನ್ನು ಯಾವಾಗಲೂ "ಅದಿರಲಿ" ಅಂತಲೇ ಶುರು ಮಾಡುತ್ತಾಳೆ. ಆರು ವರ್ಷದಿಂದ. ಅವಳಿಗೇ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆಮೇಲೆ ಅವಳ ವಾಟ್ಸಾಪ್ ಮೆಸೇಜುಗಳನ್ನು ನೋಡಿದರೆ ಅಲ್ಲೂ ಸಾಲುಸಾಲು "ಅದಿರಲಿ". 2012ರಲ್ಲಿ ಕಂಪ್ಯೂಟರ್ ವಿಜ್ಞಾನಿ ಅರವಿಂದ್ ನಾರಾಯಣನ್ ಮತ್ತು ಜತೆಗಾರರು, ಒಂದು ಲಕ್ಷ ಬರಹಗಾರರ ನಡುವೆ ಹೆಸರಿಲ್ಲದ ಬರಹ ಯಾರದು ಅಂತ ಬರೀ ಶೈಲಿ ನೋಡಿ ಕಂಪ್ಯೂಟರ್ ಹೇಳಬಲ್ಲದೇ ಅಂತ ಪರೀಕ್ಷಿಸಿದ್ದರು. ಶೇ. 20ಕ್ಕೂ ಹೆಚ್ಚು ಸಲ ಮೊದಲ ಊಹೆಯೇ ಸರಿಯಾಗಿತ್ತು. ಈ ಸದಸ್ಯೆಗೆ ಕಂಪ್ಯೂಟರೂ ಬೇಕಾಗಲಿಲ್ಲ.

ನಾನು, "ಇನ್ನು ಅದಿರಲಿ ಬರೆಯಬೇಡ" ಅಂದೆ. ಸ್ವಲ್ಪ ದಿನ ಬಿಟ್ಟಳು. ಆ ದಿನಗಳಲ್ಲಿ ಅವಳು ಬರೆದದ್ದು ಔಷಧಿ ಡಬ್ಬಿಯ ಒಳಗಿನ ಚೀಟಿಯ ಹಾಗಿತ್ತು, ಯಾರೂ ಉತ್ತರಿಸಲಿಲ್ಲ. ಹಾಳೆ ಮತ್ತೆ ತೆಗೆದಳು. ಯಾರಿಂದ? ಆ ಹಳೇ ಸದಸ್ಯೆಯಿಂದ ಮುಚ್ಚಿಡಬೇಕಾದ್ದು ಏನೂ ಇರಲಿಲ್ಲ. ಕೆಲಸದ ಜಾಗದಲ್ಲಿ ಈಗ ಗೊತ್ತಿರಬೇಕಾದವರಿಗೆ ಗೊತ್ತಿದೆ. "ಅದಿರಲಿ" ವಾಪಸ್ ಬಂತು.

ಹೋದ ವಾರ ಹೊಸದಾಗಿ ಸೇರಿದ ಹುಡುಗನೊಬ್ಬ ಕೇಳಿದ್ದ, ತರಗತಿಯಲ್ಲಿ ಎಲ್ಲರ ಮುಂದೆ ಆಗಿಬಿಟ್ಟರೆ ಏನು ಮಾಡುವುದು ಅಂತ. ಅವಳು ಉತ್ತರ ಬರೆಯುವಾಗ ನಾನು ಪಕ್ಕದಲ್ಲೇ ಇದ್ದೆ. "ನನಗೂ ಒಮ್ಮೆ ಜನರ ಮುಂದೆ ಆಗಿತ್ತು. ಕೈಯಲ್ಲಿ ಮೈಕಿನ" ಅಂತ ಬರೆದು ನಿಲ್ಲಿಸಿದಳು. "ಮೈಕಿನ" ಅಳಿಸಿದಳು. "ಏನೋ ಇತ್ತು, ಅದನ್ನು ತಿರುವುತ್ತಾ ನಿಂತಿದ್ದೆ. ಒಂದು ನಿಮಿಷ. ಆಮೇಲೆ ಬಿಟ್ಟಲ್ಲಿಂದಲೇ ಮುಂದುವರಿಸಿದೆ" ಅಂತ ಮುಗಿಸಿದಳು. ಕೆಳಗೆ ಒಂದು ಸಾಲು ಬಿಟ್ಟು, "ಅದಿರಲಿ, ನೀನು ಮೊದಲು ಚೆನ್ನಾಗಿ ನಿದ್ದೆ ಮಾಡು" ಅಂತ ಸೇರಿಸಿ ಕಳುಹಿಸಿದಳು.